700 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಜ್ವಾಲಾಮುಖಿ ಎರಡು ಸೆಂಟಿಮೀಟರ್ ಉಬ್ಬಿದ್ದು ಹೇಗೆ ಗೊತ್ತಾಗುತ್ತದೆ? ಯಾವಾಗ ಸಿಡಿಯುತ್ತದೆ ಅಂತಲೂ ಹೇಳಬಹುದಾ?

ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಹೀಗಿದೆ: ಉಪಗ್ರಹ ನೆಲದ ಎತ್ತರವನ್ನು ಅಳೆಯುವುದಿಲ್ಲ, ಬೇರೆಬೇರೆ ಎರಡು ದಿನ ನೋಡಿದಾಗ ಕಂಡ ವ್ಯತ್ಯಾಸವನ್ನು ಅಳೆಯುತ್ತದೆ.

ಯುರೋಪಿನ ಸೆಂಟಿನೆಲ್-1 ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ. ಅದರ ರೇಡಾರ್ ಅಲೆಯ ಉದ್ದ ಸುಮಾರು 5.6 ಸೆಂ.ಮೀ. ಅಲೆ ನೆಲಕ್ಕೆ ಬಡಿದು ವಾಪಸ್ ಬಂದಾಗ ಅದು ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಅಂತ ದಾಖಲಾಗುತ್ತದೆ. ನೆಲ ಉಪಗ್ರಹದ ಕಡೆಗೆ 2.8 ಸೆಂ.ಮೀ. ಬಂದರೆ, ಹೋಗಿಬರುವ ದಾರಿ ಸರಿಯಾಗಿ ಒಂದು ಅಲೆಯಷ್ಟು ಕಡಿಮೆಯಾಗುತ್ತದೆ. ಎರಡು ಸಲದ ದಾಖಲೆ ಹೋಲಿಸಿ ಮಾಡಿದ ಚಿತ್ರದಲ್ಲಿ ಅದೇ ಒಂದು ಸುತ್ತು ಬಣ್ಣ.

ಗಂಟೆ ಮುಳ್ಳಿಲ್ಲದ ಗಡಿಯಾರ ನೆನೆಸಿಕೊಳ್ಳಿ. ನಿಮಿಷ ಮಾತ್ರ ಕಾಣುತ್ತದೆ, ಎಷ್ಟು ಗಂಟೆ ಗೊತ್ತಾಗುವುದಿಲ್ಲ. ಹಾಗೆಯೇ ಒಂದು ಜಾಗದ ಬಣ್ಣ ನೋಡಿದರೆ ಎಷ್ಟು ಸುತ್ತು ಆಗಿದೆ ಅಂತ ಗೊತ್ತಾಗುವುದಿಲ್ಲ. ಆದರೆ ಅಲುಗಾಡದ ಜಾಗದಿಂದ ಶುರುಮಾಡಿ ಬಣ್ಣದ ಪಟ್ಟೆ ಎಣಿಸುತ್ತಾ ಬೆಟ್ಟದ ಕಡೆ ನಡೆದರೆ ಒಟ್ಟು ಎಷ್ಟು ಉಬ್ಬಿದೆ ಅಂತ ಸಿಗುತ್ತದೆ.

ಇದರಲ್ಲಿ ಮೋಸಹೋಗುವುದೂ ಸುಲಭ. ಸೆಂಟಿನೆಲ್ ಚಿತ್ರಗಳು ಎಲ್ಲರಿಗೂ ಉಚಿತ. ನಾನು ಮೊದಲ ಸಲ ಇಟಲಿಯ ಎಟ್ನಾ ಜ್ವಾಲಾಮುಖಿಯ ಎರಡು ಚಿತ್ರ ಜೋಡಿಸಿದಾಗ ಬೆಟ್ಟದ ಸುತ್ತ ಚಂದದ ಬಳೆಗಳು ಬಂದವು. ಮುಂದಿನ ಜೋಡಿಯಲ್ಲಿ ಅವು ಇರಲೇ ಇಲ್ಲ. ಅದು ನೆಲದ ಉಬ್ಬಲ್ಲ, ಗಾಳಿಯ ತೇವ. ತೇವ ಜಾಸ್ತಿಯಾದರೆ ಅಲೆ ತಡವಾಗುತ್ತದೆ, ನೆಲ ದೂರ ಹೋದಂತೆ ಕಾಣುತ್ತದೆ. 1995ರಲ್ಲಿ ಪ್ರಕಟವಾದ ಎಟ್ನಾದ ಹೆಸರಾಂತ ರೇಡಾರ್ ಫಲಿತಾಂಶದಲ್ಲೂ ಒಂದು ಪಾಲು ಗಾಳಿಯದ್ದೇ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಒಂದೇ ಜೋಡಿ ನೋಡಿ ಯಾವತ್ತೂ ನಂಬಬೇಡಿ.

ದಟ್ಟ ಕಾಡೂ ತೊಂದರೆಯೇ. ಎಲೆಗಳು ಅಲುಗಿ ಎರಡು ಚಿತ್ರ ಹೊಂದುವುದಿಲ್ಲ. ಅಲ್ಲಿ ಉದ್ದನೆಯ ಅಲೆ ಬೇಕು. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದಲ್ಲಿ ನಾಸಾದ 24 ಸೆಂ.ಮೀ. ಅಲೆಯ ರೇಡಾರ್ ಇದೆ, ಜೊತೆಗೆ ಇಸ್ರೋದ್ದೂ ಒಂದು. ಎರಡನ್ನೂ ಉಪಗ್ರಹಕ್ಕೆ ಕೂಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಇನ್ನು ಮುನ್ಸೂಚನೆ. ಐಸ್‌ಲ್ಯಾಂಡಿನ ಗ್ರಿಂಡವಿಕ್ ಊರು ನೋಡಿ. 2023ರ ಅಕ್ಟೋಬರ್ ಕೊನೆಯಲ್ಲಿ ಪಕ್ಕದ ಸ್ವಾರ್ಟ್ಸೆಂಗಿಯಲ್ಲಿ ನೆಲ ಉಬ್ಬತೊಡಗಿತು. ನವೆಂಬರ್ 10ರಂದು ಕರಗಿದ ಕಲ್ಲು ನೆಲದಡಿಯಲ್ಲೇ ಸುಮಾರು 15 ಕಿ.ಮೀ. ಸೀಳಿಕೊಂಡು ಹರಿಯಿತು. ಸುಮಾರು 3,800 ಜನ ಊರು ಬಿಟ್ಟರು. ಊರಿನ ಒಂದು ಭಾಗ ಒಂದು ಮೀಟರಿಗೂ ಜಾಸ್ತಿ ಕುಸಿಯಿತು, ಸ್ವಾರ್ಟ್ಸೆಂಗಿಯೂ ತಗ್ಗಿತು. ಆದರೆ ಅಲ್ಲಿ ಮತ್ತೆ ಉಬ್ಬು ಶುರು. ಡಿಸೆಂಬರ್ 18ಕ್ಕೆ ಲಾವಾ ಹೊರಬಂತು. ಆಮೇಲೆ ಪುನಃ ಉಬ್ಬು.

ಹೀಗೆ ಮರುಕಳಿಸಿದ್ದರಿಂದ ಅಲ್ಲಿನ ಹವಾಮಾನ ಇಲಾಖೆ ಒಂದು ಲೆಕ್ಕ ಹಿಡಿಯಿತು: ಕಳೆದ ಸಲ ಸಿಡಿಯುವ ಮುಂಚೆ ನೆಲದಡಿ ಕರಗಿದ ಕಲ್ಲು ಎಷ್ಟು ತುಂಬಿತ್ತು, ಈಗ ಎಷ್ಟು ತುಂಬಿದೆ? ಅಷ್ಟಾದ ಮೇಲೆ ಅಪಾಯ ಹತ್ತಿರ ಅಂತ ಹೇಳಬಹುದು. ದಿನ, ಗಂಟೆ ಹೇಳಲಾಗದು. 12 ದಿನಕ್ಕೊಮ್ಮೆ ಬರುವ ಕಣ್ಣಿಗೆ ಅದು ಸಾಧ್ಯವೂ ಇಲ್ಲ, ಅಲ್ವಾ? 2024ರ ಜನವರಿ 14ರ ನಸುಕಿನಲ್ಲಿ ಊರಿಗೆ ಮರಳಿದ್ದವರನ್ನು ಎಬ್ಬಿಸಿ ಕಳಿಸಿದ್ದು ಸರಣಿ ಕಂಪನಗಳನ್ನು ನೋಡಿ. ಕೆಲವೇ ಗಂಟೆಯಲ್ಲಿ ಊರಂಚಿನಲ್ಲೇ ನೆಲ ಬಿರಿಯಿತು. ಮೂರು ಮನೆ ಸುಟ್ಟುಹೋದವು, ಒಳಗೆ ಯಾರೂ ಇರಲಿಲ್ಲ.