ಪರದೇಶದ ಶಾಲೆಗಳನ್ನು ಓದುವವರು ಎಲ್ಲಿಂದ ಬಂದರು?

ಈ ಸಲದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ದೇಶ ದೇಶಗಳ ಶಿಕ್ಷಣವನ್ನು ಅಧ್ಯಯನ ಮಾಡುವ ವಿದ್ವಾಂಸರು ಯಾರು, ಅವರ ಹಿನ್ನೆಲೆ ಏನು, ಅವರ ಹತ್ತಿರ ಸಂಶೋಧನೆಗೆ ಸೇರುವುದು ಹೇಗೆ ಅಂತ ಕೇಳಿದ್ದಾರೆ. ನಾನು ಇದನ್ನೇ ಬಹಳ ಕಾಲ ಪಾಠ ಮಾಡಿದವಳು. ಹಾಗಾಗಿ ಸಂಪಾದಕರು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ನಗುತ್ತಾ ಹೋದರು. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು. ಅಂತರರಾಷ್ಟ್ರೀಯ ಶಿಕ್ಷಣದಲ್ಲಿ ಸಂಶೋಧನೆ ಮಾಡುವ ಆಸೆ. ಶಿಕ್ಷಣದಲ್ಲಿ ಪದವಿ ಇಲ್ಲದವರಿಗೆ ಅಲ್ಲಿ ಜಾಗವಿಲ್ಲ ಅಂತ ಗೆಳತಿ ಹೇಳುತ್ತಾಳೆ. ನಿಜವಾ?

ಉತ್ತರ: ಗೆಳತಿ ಸುಮ್ನೆ ಹೆದರಿಸುತ್ತಿದ್ದಾರೆ. ಪೀಸಾ ಪರೀಕ್ಷೆಯ ಹೆಸರು ಕೇಳಿರುತ್ತೀರಿ. 2000ರಲ್ಲಿ ಶುರುವಾಯಿತು. 15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನವನ್ನು ಹತ್ತಾರು ದೇಶಗಳಲ್ಲಿ ಅಳೆಯುತ್ತದೆ. ಅದನ್ನು ಕಟ್ಟಿ ಬೆಳೆಸಿದ ಆಂಡ್ರಿಯಾಸ್ ಷ್ಲೈಕರ್ ಹ್ಯಾಂಬರ್ಗ್‌ನಲ್ಲಿ ಓದಿದ್ದು ನಿಮ್ಮದೇ ಭೌತಶಾಸ್ತ್ರ. ಅಲ್ಲಿ ನೆವಿಲ್ ಪೋಸಲ್‌ತ್ವೇಟ್ ಅನ್ನುವ ಪ್ರಾಧ್ಯಾಪಕರ ಉಪನ್ಯಾಸಕ್ಕೆ ಹೋಗಿ ಕೂತರು, ದಾರಿ ಬದಲಾಯಿತು.

ಪೋಸಲ್‌ತ್ವೇಟ್ ಅವರ ಹಿಂದೆ ಇನ್ನೊಬ್ಬರಿದ್ದಾರೆ, ಸ್ವೀಡನ್ನಿನ ಟಾರ್ಸ್ಟನ್ ಹುಸೇನ್. ಇವರು ಮನಶ್ಶಾಸ್ತ್ರದವರು. 1940ರ ದಶಕದಲ್ಲಿ ಸೇನೆಗೆ ಸೇರುವ ಯುವಕರನ್ನು ಪರೀಕ್ಷಿಸುವ ಕೆಲಸ ಮಾಡಿದ್ದರು. ಆಮೇಲೆ ಇವರ ಮುಂದಾಳತ್ವದಲ್ಲಿ 1964ರಲ್ಲಿ 12 ದೇಶಗಳ ಮಕ್ಕಳಿಗೆ ಒಂದೇ ಗಣಿತ ಪರೀಕ್ಷೆ ಕೊಟ್ಟು ನೋಡಿದರು. ಸೇನೆಯ ಪರೀಕ್ಷಾ ಕೊಠಡಿಯಿಂದ ಇವತ್ತಿನ ಪೀಸಾವರೆಗೆ ಒಂದು ಗೆರೆ ಎಳೆಯಬಹುದು. ಅದನ್ನು ಎಳೆದು ನೋಡಿದರೆ ಈ ಪರೀಕ್ಷೆಗಳಿಗೆ ಅಳತೆಯ ಮೇಲೆ ಯಾಕಿಷ್ಟು ನಂಬಿಕೆ ಅನ್ನುವುದು ಅರ್ಧ ಅರ್ಥವಾಗುತ್ತದೆ. 2014ರಲ್ಲಿ ಹಲವು ದೇಶಗಳ ವಿದ್ವಾಂಸರು ಷ್ಲೈಕರ್ ಅವರಿಗೆ ಬಹಿರಂಗ ಪತ್ರ ಬರೆದು, ಅಳೆಯಲು ಬಾರದ ಸಂಗತಿಗಳನ್ನು ಶಾಲೆಗಳು ಮರೆಯುವಂತಾಗಿದೆ ಅಂತ ದೂರಿದರು. ಅವರಲ್ಲಿ ಬಹಳ ಜನರ ಹಿನ್ನೆಲೆ ಬೇರೆ. ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಅರ್ಥಶಾಸ್ತ್ರದಿಂದ ಬಂದವರಂತೂ ತುಂಬ ಜನ. 1963ರಲ್ಲಿ ಯುನೆಸ್ಕೊ ಪ್ಯಾರಿಸ್‌ನಲ್ಲಿ ಶಿಕ್ಷಣ ಯೋಜನೆಗಾಗಿ ಒಂದು ಸಂಸ್ಥೆ ತೆರೆದಾಗ ಅದರ ಮೊದಲ ನಿರ್ದೇಶಕರಾದ ಫಿಲಿಪ್ ಕೂಂಬ್ಸ್ ಅರ್ಥಶಾಸ್ತ್ರಜ್ಞ. ಕೆನಡಾದ ರೂತ್ ಹೇಹೋ ಪದವಿಯಲ್ಲಿ ಓದಿದ್ದು ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ, ಹೆಸರು ಮಾಡಿದ್ದು ಚೀನಾದ ವಿಶ್ವವಿದ್ಯಾಲಯಗಳ ಅಧ್ಯಯನದಲ್ಲಿ.

ಆದರೆ ಒಂದು ಮಾತು. ಯಾರೂ ಬರಿಗೈಯಲ್ಲಿ ಬರುವುದಿಲ್ಲ, ಹಳೆಯ ವಿದ್ಯೆಯ ಚಾಳಿಯನ್ನೂ ಜೊತೆಗೆ ತರುತ್ತಾರೆ. ನೀವು ಅಂಕಿ ಅಂದರೆ ಕಣ್ಣರಳಿಸುವವರು, ತರಗತಿಯಲ್ಲಿ ಸುಮ್ಮನೆ ಕೂತು ನೋಡುವ ಕೆಲಸ ನಿಮಗೆ ಬೇಜಾರಾಗಬಹುದು. ಅದನ್ನೂ ಒಮ್ಮೆ ಮಾಡಿ ನೋಡಿ, ಆಮೇಲೆ ಬೇಡ ಅನ್ನಿ.

ಪ್ರಶ್ನೆ: ಮಾರ್ಗದರ್ಶಕರನ್ನು ಹುಡುಕಲು ಹಲವು ಪ್ರಾಧ್ಯಾಪಕರ ಪರಿಚಯ ಓದಿದೆ. ಎಲ್ಲರ ಸಂಶೋಧನಾ ಆಸಕ್ತಿಯೂ ಒಂದೇ: ಸಮಾನತೆ, ಗುಣಮಟ್ಟ, ಜಾಗತೀಕರಣ, ನೀತಿ. ಯಾರು ಯಾವುದರಲ್ಲಿ ನಿಜಕ್ಕೂ ಮುಳುಗಿದ್ದಾರೆ ಅಂತ ತಿಳಿಯುವುದು ಹೇಗೆ?

ಉತ್ತರ: ಆ ಪಟ್ಟಿಯನ್ನು ನಾನೂ ಓದುವುದಿಲ್ಲ. ಸಮಾನತೆ ಬೇಡ ಅಂತ ಯಾರು ತಾನೇ ಬರೆದುಕೊಳ್ಳುತ್ತಾರೆ? ಅದನ್ನು ದಾಟಿ ಕೆಳಗೆ ಬನ್ನಿ. ಮೊದಲ ಕೆಲಸ ಎಲ್ಲಿ ಮಾಡಿದರು, ಮೊದಲ ಪುಸ್ತಕ ಯಾವ ಊರಿನ ಬಗ್ಗೆ, ಯಾವ ಭಾಷೆ ಬರುತ್ತದೆ ಅಂತ ನೋಡಿ. ಕೃತಜ್ಞತೆಯ ಪುಟವನ್ನು ಬಿಡಲೇಬೇಡಿ. ಯಾರ ಮನೆಯಲ್ಲಿ ಉಳಿದರು, ಯಾವ ಶಾಲೆ ಬಾಗಿಲು ತೆರೆಯಿತು, ದುಡ್ಡು ಯಾರು ಕೊಟ್ಟರು ಎಲ್ಲವೂ ಅಲ್ಲಿ ಇರುತ್ತದೆ.

ಮಾರ್ಕ್ ಬ್ರೇ ಅವರನ್ನು ತೆಗೆದುಕೊಳ್ಳಿ. ಟ್ಯೂಷನ್ ಬಗ್ಗೆ ಯಾರು ಬರೆದರೂ ಇವರ ಹೆಸರು ಬರುತ್ತದೆ. 1999ರಲ್ಲಿ ಇವರು ಬರೆದ ಚಿಕ್ಕ ಪುಸ್ತಕ ಖಾಸಗಿ ಪಾಠವನ್ನು ನೆರಳು ಶಿಕ್ಷಣ ಎಂದು ಕರೆಯಿತು. ಶಾಲೆ ಬೆಳೆದರೆ ಅದೂ ಬೆಳೆಯುತ್ತದೆ, ಪಠ್ಯ ಬದಲಾದರೆ ಅದೂ ಬದಲಾಗುತ್ತದೆ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಸಿಗುವುದಿಲ್ಲ. ಸರಿ, ಇವರು ಶುರು ಮಾಡಿದ್ದು ಎಲ್ಲಿ? ಕೀನ್ಯಾ ಮತ್ತು ನೈಜೀರಿಯಾದ ಪ್ರೌಢಶಾಲೆಗಳಲ್ಲಿ ಮೇಷ್ಟ್ರಾಗಿ. 1981ರ ಪುಸ್ತಕ ನೈಜೀರಿಯಾದ ಕಾನೋ ರಾಜ್ಯ ಎಲ್ಲರಿಗೂ ಪ್ರಾಥಮಿಕ ಶಿಕ್ಷಣ ಕೊಡಲು ಹೊರಟಿದ್ದರ ಬಗ್ಗೆ. ಆಮೇಲೆ ಊರಿನವರೇ ಚಂದಾ ಎತ್ತಿ ಶಾಲೆ ನಡೆಸುವುದರ ಬಗ್ಗೆ ಕೆಲಸ ಮಾಡಿದರು. 1986ರಲ್ಲಿ ಹಾಂಗ್‌ಕಾಂಗ್‌ಗೆ ಹೋದರು.

ಈ ಮೂರನ್ನೂ ಪಕ್ಕ ಪಕ್ಕ ಇಡಿ. ಕಾನೋ, ಊರಿನ ಚಂದಾ, ಟ್ಯೂಷನ್. ನನಗೆ ಒಂದೇ ಪ್ರಶ್ನೆ ಕಾಣುತ್ತದೆ: ಶಾಲೆಯ ಖರ್ಚನ್ನು ನಿಜಕ್ಕೂ ಯಾರು ಕೊಡುತ್ತಿದ್ದಾರೆ? ಇದು ನನ್ನ ಓದು, ಬ್ರೇ ಒಪ್ಪದೆಯೂ ಇರಬಹುದು. ಆದರೆ ನಿಮ್ಮ ವಿಷಯ ಮನೆಯವರ ಖರ್ಚಿಗೆ ಸಂಬಂಧಿಸಿದ್ದಾದರೆ ಇಂಥವರ ಬರಹದ ಜೊತೆ ಮಾತು ಕೂಡುತ್ತದೆ. ಪರಿಚಯದಲ್ಲಿ ಬರೀ ನೀತಿ ಅಂತ ಇದ್ದರೂ ಪರವಾಗಿಲ್ಲ.

ಫಿಲಿಪ್ ಆಲ್ಟ್‌ಬಾಕ್ ಇನ್ನೊಂದು ಥರ. ಷಿಕಾಗೊದಲ್ಲಿ ಓದುತ್ತಿದ್ದ ಹುಡುಗ 1960ರ ದಶಕದಲ್ಲಿ ಸಂಶೋಧನೆಗೆ ಆರಿಸಿಕೊಂಡಿದ್ದು ಬಾಂಬೆಯ ವಿದ್ಯಾರ್ಥಿ ರಾಜಕೀಯವನ್ನು. ಮುಂದೆ ವಿಶ್ವವಿದ್ಯಾಲಯಗಳ ಲೋಕದಲ್ಲಿ ಕೇಂದ್ರ ಯಾವುದು, ಅಂಚು ಯಾವುದು, ಜ್ಞಾನ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಅಂತ ಬರೆದರು. 1995ರಲ್ಲಿ ಬಾಸ್ಟನ್ ಕಾಲೇಜಿನಲ್ಲಿ ಉನ್ನತ ಶಿಕ್ಷಣಕ್ಕಾಗಿಯೇ ಒಂದು ಕೇಂದ್ರ ಕಟ್ಟಿದರು. ಶುರುವಿನಲ್ಲೇ ಅಂಚಿನ ಒಂದು ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಂತವರಿಗೆ ಈ ಪ್ರಶ್ನೆ ಬರುವುದು ಸಹಜ ಅಲ್ವಾ?

ಇನ್ನು ರೊನಾಲ್ಡ್ ಡೋರ್. ಇವರು ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಜಪಾನಿ ಬಲ್ಲವರು ಬೇಕಾಗಿದ್ದರು, ಆಯ್ದ ಹುಡುಗರಿಗೆ ಕಲಿಸಿದರು. ಡೋರ್ ಅವರಲ್ಲೊಬ್ಬರು. ಯುದ್ಧ ಮುಗಿಯಿತು, ಭಾಷೆ ಉಳಿಯಿತು. ಜಪಾನಿನ ಹಳ್ಳಿ, ಕಾರ್ಖಾನೆ, ಹಳೆಯ ಕಾಲದ ಶಾಲೆ ಎಲ್ಲವನ್ನೂ ಓದಿದರು. 1976ರಲ್ಲಿ ಸರ್ಟಿಫಿಕೇಟಿನ ಹುಚ್ಚಿನ ಬಗ್ಗೆ ಪುಸ್ತಕ ಬರೆದರು. ಇಂಗ್ಲೆಂಡ್, ಜಪಾನ್, ಶ್ರೀಲಂಕಾ, ಕೀನ್ಯಾ ನಾಲ್ಕನ್ನೂ ಸಾಲಾಗಿ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಜನ ಮೊದಲು ಕೆಲಸದಲ್ಲೇ ಕಲಿಯುತ್ತಿದ್ದರು, ಪ್ರಮಾಣಪತ್ರ ಆಮೇಲೆ ಬಂತು. ತಡವಾಗಿ ಅಭಿವೃದ್ಧಿ ಹಿಡಿದ ದೇಶದಲ್ಲಿ ಒಳ್ಳೆಯ ಕೆಲಸ ಬೆರಳೆಣಿಕೆಯಷ್ಟು, ಬಾಗಿಲಲ್ಲಿ ಪ್ರಮಾಣಪತ್ರವೇ ಕಾವಲು. ನಿನ್ನೆ ಹತ್ತನೇ ತರಗತಿ ಸಾಕಿದ್ದ ಕೆಲಸಕ್ಕೆ ಇವತ್ತು ಡಿಗ್ರಿ ಕೇಳುತ್ತಾರೆ, ಕೆಲಸ ಅದೇ. ದೇಶ ಎಷ್ಟು ತಡವಾಗಿ ಹೊರಟರೆ ಈ ಕಾಯಿಲೆ ಅಷ್ಟು ಜೋರು ಅನ್ನುವುದು ಅವರ ವಾದ. ಶಾಲೆಯ ಒಳಗೇ ಕೂತಿದ್ದವರಿಗೆ ಇದು ಹೊಳೆಯುವುದು ಕಷ್ಟವಿತ್ತು. ಕಾರ್ಖಾನೆಯ ಗೇಟಿನಿಂದ ಶಾಲೆಯನ್ನು ನೋಡಿದವರಿಗೆ ಹೊಳೆಯಿತು.

ಪ್ರಶ್ನೆ: ನಾವು ಅಧ್ಯಯನ ಮಾಡುವ ದೇಶದ ಭಾಷೆ ಕಲಿಯಲೇಬೇಕಾ? ಈಗ ಅನುವಾದ ಮಾಡುವ ಯಂತ್ರಗಳಿವೆಯಲ್ಲ.

ಉತ್ತರ: ಕಲಿಯಬೇಕು. ಜಾರ್ಜ್ ಬೆರೆಡೆ ಅಂತ ಒಬ್ಬರಿದ್ದರು. ವಾರ್ಸಾದಲ್ಲಿ ಹುಟ್ಟಿ, ಯುದ್ಧ ಕಂಡು, ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದವರು. ಈ ವಿಷಯದ ಹೆಸರಾಂತ ಅಮೆರಿಕನ್ ಪತ್ರಿಕೆ 1957ರಲ್ಲಿ ಶುರುವಾದಾಗ ಅದರ ಮೊದಲ ಸಂಪಾದಕರು. ಅವರು ಮೂರು ಷರತ್ತು ಹಾಕಿದರು: ಭಾಷೆ ಗೊತ್ತಿರಬೇಕು, ಅಲ್ಲಿ ವಾಸ ಮಾಡಿರಬೇಕು, ನಿಮ್ಮ ಪೂರ್ವಗ್ರಹದ ಮೇಲೆ ಸದಾ ಕಣ್ಣಿಟ್ಟಿರಬೇಕು. ಯಂತ್ರ ಮೊದಲನೆಯದಕ್ಕೆ ಸ್ವಲ್ಪ ನೆರವಾದೀತು. ಮಿಕ್ಕ ಎರಡಕ್ಕೆ ಆಗುವುದಿಲ್ಲ.

ಪ್ರಶ್ನೆ: ನಮ್ಮ ಶಿಕ್ಷಕರ ಗುಂಪಿನಲ್ಲಿ ದಿನಾ ಫಿನ್ಲೆಂಡ್ ಜಪ. ಅಲ್ಲಿಯ ಪದ್ಧತಿಯನ್ನು ಹಾಗೇ ತರಬಹುದು ಅಂತ ಯಾವ ವಿದ್ವಾಂಸರಾದರೂ ಹೇಳಿದ್ದಾರಾ?

ಉತ್ತರ: ಇಲ್ಲ ಅಂತ ಹೇಳಿ ಹೇಳಿಯೇ ಹಲವರು ಹೆಸರು ಮಾಡಿದ್ದಾರೆ. ಮೊದಲು ಇಂಗ್ಲೆಂಡಿನ ಮೈಕೆಲ್ ಸ್ಯಾಡ್ಲರ್. 1900ರಲ್ಲಿ ಗಿಲ್ಡ್‌ಫರ್ಡ್‌ನಲ್ಲಿ ಭಾಷಣ ಮಾಡುತ್ತಾ ಒಂದು ಮಾತು ಹೇಳಿದರು. ಮಗು ತೋಟದಲ್ಲಿ ಅಡ್ಡಾಡುತ್ತಾ ಒಂದು ಗಿಡದ ಹೂವು, ಇನ್ನೊಂದರ ಎಲೆ ಕಿತ್ತು ತಂದು ಮನೆಯ ಮಣ್ಣಿಗೆ ಚುಚ್ಚಿದರೆ ಗಿಡ ಬದುಕುತ್ತದಾ? ಶಾಲೆಯ ಒಳಗಿನದ್ದಕ್ಕಿಂತ ಹೊರಗಿನದ್ದೇ ಮುಖ್ಯ ಅಂತಲೂ ಅಂದರು. ಇದೇ ಸ್ಯಾಡ್ಲರ್ 1917ರಿಂದ 1919ರವರೆಗೆ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗದ ಅಧ್ಯಕ್ಷರಾಗಿ ಭಾರತಕ್ಕೆ ಬಂದಿದ್ದರು. ಇಂಗ್ಲೆಂಡಿನ ಸರ್ಕಾರದಲ್ಲಿ ವಿದೇಶಿ ಶಿಕ್ಷಣ ಕುರಿತ ವರದಿಗಳ ಕಚೇರಿ ನಡೆಸಿ, 1903ರಲ್ಲಿ ಮೇಲಿನವರೊಂದಿಗೆ ಕೂಡಿಬರದೆ ಹೊರಬಿದ್ದ ಮನುಷ್ಯ. ಆ ಮೇಲಿನವರು ರಾಬರ್ಟ್ ಮೊರಾಂಟ್, ಹಿಂದೆ ಸಿಯಾಮ್ (ಈಗಿನ ಥಾಯ್ಲೆಂಡ್) ರಾಜಕುಮಾರನಿಗೆ ಪಾಠ ಹೇಳಿದ್ದವರು. ಇಬ್ಬರೂ ಪರದೇಶದ ಶಿಕ್ಷಣ ಬಲ್ಲವರೇ, ಆದರೂ ಹೊಂದಲಿಲ್ಲ.

ಈಗಿನವರಲ್ಲಿ ಗೀಟಾ ಸ್ಟೈನರ್-ಖಾಮ್ಸಿ ಅವರನ್ನು ಓದಿ. ಅವರು ತುಂಬ ಕೆಲಸ ಮಾಡಿದ್ದು ಮಂಗೋಲಿಯಾದಲ್ಲಿ. ಅವರು ತರಬಹುದಾ ಅಂತ ಕೇಳುವುದಿಲ್ಲ. ಯಾವಾಗ ತರುತ್ತಾರೆ, ಯಾಕೆ ತರುತ್ತಾರೆ ಅಂತ ಕೇಳುತ್ತಾರೆ. ಒಳಗೆ ಜಗಳ ಬಗೆಹರಿಯದಿದ್ದಾಗ ಸರ್ಕಾರ ಹೊರಗಿನ ಹೆಸರೊಂದನ್ನು ಮುಂದೆ ಮಾಡಿ ಬಾಯಿ ಮುಚ್ಚಿಸುತ್ತದೆ. ಹೆಸರು ಬರುತ್ತದೆ, ಶಾಲೆಯೊಳಗೆ ನಡೆಯುವುದು ಬೇರೆಯೇ. ನಿಮ್ಮ ಗುಂಪಿನಲ್ಲಿ ಮುಂದಿನ ಸಲ ಫಿನ್ಲೆಂಡ್ ಬಂದಾಗ, ಈ ಹೆಸರಿನಿಂದ ಯಾರ ಬಾಯಿ ಮುಚ್ಚುತ್ತಿದೆ ಅಂತ ಗಮನಿಸಿ. ಅಂದ ಹಾಗೆ, ಫಿನ್ಲೆಂಡ್ ತಾನೇ ಹೊರಗಿನಿಂದ ಬಹಳ ಕಲಿತಿದೆ ಅಂತ ಅಲ್ಲಿಯವರೇ ಆದ ಪಾಸಿ ಸಾಲ್ಬರ್ಗ್ ಬರೆದಿದ್ದಾರೆ. ಅವರೂ ಒಂದು ಕಾಲಕ್ಕೆ ಗಣಿತದ ಮೇಷ್ಟ್ರು.

ಪ್ರಶ್ನೆ: ನೀವು ಹೆಸರಿಸುವವರೆಲ್ಲ ಬಹುಪಾಲು ಬಿಳಿಯ ಗಂಡಸರು. ಬೇರೆಯವರು ಇಲ್ಲವೇ?

ಉತ್ತರ: ಸರಿಯಾದ ಏಟು. ಆಲ್ಟ್‌ಬಾಕ್ ಹೇಳಿದ ಕೇಂದ್ರ ಮತ್ತು ಅಂಚಿನ ಲೆಕ್ಕ ಈ ವಿಷಯಕ್ಕೂ ಅನ್ವಯಿಸುತ್ತದೆ. ಪತ್ರಿಕೆಗಳು ಇಂಗ್ಲಿಷಿನವು, ಪ್ರಯಾಣಕ್ಕೆ ದುಡ್ಡಿರುವುದು ಕೆಲವೇ ಕಡೆ. ಆದರೂ ಇದ್ದಾರೆ. ಪೆರುವಿನಲ್ಲಿ ಹುಟ್ಟಿದ ನೆಲ್ಲಿ ಸ್ಟ್ರಾಮ್‌ಕ್ವಿಸ್ಟ್ ಹೆಣ್ಣುಮಕ್ಕಳ ಶಿಕ್ಷಣ ಮತ್ತು ಸಾಕ್ಷರತೆಯನ್ನು ಹಿಡಿದವರು. ಅಮೆರಿಕದ ಗೇಲ್ ಕೆಲ್ಲಿ ಫ್ರೆಂಚರು ವಿಯೆಟ್ನಾಮಿನಲ್ಲಿ ನಡೆಸಿದ ಶಾಲೆಗಳನ್ನು ಕೆದಕಿದರು, 1991ರಲ್ಲಿ ತೀರಿಕೊಂಡರು. ಜಪಾನಿನ ಕೇಟಾ ತಕಾಯಾಮಾ ಈ ವಿಷಯದ ಚರಿತ್ರೆಯಲ್ಲೇ ವಸಾಹತುಶಾಹಿಯ ಗುರುತು ಎಷ್ಟು ಉಳಿದಿದೆ ಅಂತ ತೋರಿಸುತ್ತಿದ್ದಾರೆ.

ಭಾರತದ ಕೃಷ್ಣ ಕುಮಾರ್ ಡಾಕ್ಟರೇಟ್ ಮಾಡಿದ್ದು ಟೊರಾಂಟೊದಲ್ಲಿ, ಬರೆಯುವುದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ. 2004ರಿಂದ 2010ರವರೆಗೆ ಎನ್‌ಸಿಇಆರ್‌ಟಿ ನಿರ್ದೇಶಕರಾಗಿದ್ದರು. ಭಾರತ ಮತ್ತು ಪಾಕಿಸ್ತಾನದ ಶಾಲಾ ಪುಸ್ತಕಗಳು ಒಂದೇ ಸ್ವಾತಂತ್ರ್ಯ ಹೋರಾಟವನ್ನು ಹೇಗೆ ಬೇರೆ ಬೇರೆಯಾಗಿ ಹೇಳುತ್ತವೆ ಅಂತ ಅವರು ಮಾಡಿದ ಹೋಲಿಕೆ ನನ್ನ ಮಟ್ಟಿಗೆ ಈ ಕ್ಷೇತ್ರದ ಅಚ್ಚುಕಟ್ಟು ಕೆಲಸಗಳಲ್ಲಿ ಒಂದು. ಎರಡು ಕಡೆ ಕಥೆಯ ಆಯ್ಕೆಯೇ ಬೇರೆ. ಒಬ್ಬರು ಹಿಗ್ಗಿಸಿದ ಘಟನೆಯನ್ನು ಇನ್ನೊಬ್ಬರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಇದನ್ನು ನೋಡಲು ವಿಮಾನ ಹತ್ತಬೇಕಾಗಿಲ್ಲ, ಎರಡು ಪುಸ್ತಕ ಬಿಡಿಸಿಟ್ಟರೆ ಸಾಕು.

ಪ್ರಶ್ನೆ: ನನಗೆ ಅಂಕಿಅಂಶ ಆಗಿಬರುವುದಿಲ್ಲ. ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಆಸಕ್ತಿ. ಎಲ್ಲಿಂದ ಓದಲಿ?

ಉತ್ತರ: ಜೋಸೆಫ್ ಟೋಬಿನ್ ಮತ್ತು ಸಂಗಡಿಗರ 1989ರ ಅಧ್ಯಯನದಿಂದ. ಜಪಾನ್, ಚೀನಾ, ಅಮೆರಿಕದಲ್ಲಿ ಒಂದೊಂದು ಶಿಶುವಿಹಾರದ ಒಂದು ದಿನವನ್ನು ಚಿತ್ರೀಕರಿಸಿದರು. ಆಮೇಲೆ ಆ ಚಿತ್ರವನ್ನು ಮೂರೂ ದೇಶದ ಶಿಕ್ಷಕರಿಗೆ ತೋರಿಸಿ ಮಾತಾಡಿಸಿದರು. ಜಪಾನಿನ ಚಿತ್ರದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಬೇರೆ ಮಕ್ಕಳಿಗೆ ಹೊಡೆಯುತ್ತಾನೆ, ಗಲಾಟೆ ಮಾಡುತ್ತಾನೆ, ಟೀಚರ್ ಹತ್ತಿರವೇ ಇದ್ದರೂ ಬಿಡಿಸುವುದಿಲ್ಲ. ಅಮೆರಿಕದವರಿಗೆ ಗಾಬರಿ. ಜಪಾನಿನ ಶಿಕ್ಷಕರು, ಮಕ್ಕಳೇ ಬಗೆಹರಿಸಿಕೊಳ್ಳಲಿ ಅಂತ ಬೇಕೆಂದೇ ಬಿಟ್ಟದ್ದು ಅಂದರು. ಒಬ್ಬ ಟೀಚರ್‌ಗೆ ಅಷ್ಟೊಂದು ಮಕ್ಕಳಾ ಅಂತ ಕೇಳಿದರೆ, ಕಡಿಮೆ ಇದ್ದರೆ ಮಕ್ಕಳು ಟೀಚರ್‌ಗೇ ಅಂಟಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ಆಗುವುದನ್ನು ಕಲಿಯುವುದಿಲ್ಲ ಅನ್ನುವ ಉತ್ತರ. ಅಂಕಿಯ ಕಾಟ ಇಲ್ಲದೆ ಹೋಲಿಕೆ ಹೇಗೆ ಮಾಡುವುದು ಅಂತ ಅಲ್ಲಿ ಕಲಿಯಬಹುದು.

ಪ್ರಶ್ನೆ: ವಿದೇಶದ ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವಾಗ ಏನು ಬರೆಯಬೇಕು?

ಉತ್ತರ: ಅವರ ಒಂದು ಲೇಖನ ಪೂರ್ತಿ ಓದಿ. ಅದರ ಒಂದು ಮಾತನ್ನು ಎತ್ತಿಕೊಂಡು, ನೀವು ಕಂಡ ಶಾಲೆಯಲ್ಲಿ ಅದು ಎಲ್ಲಿ ಹೊಂದುವುದಿಲ್ಲ ಅಂತ ನಾಲ್ಕು ಸಾಲು ಬರೆಯಿರಿ. ಹೊಗಳಿಕೆ ಬೇಡ, ಜೀವನಚರಿತ್ರೆ ಬೇಡ. ಒಂದೇ ಪತ್ರವನ್ನು ಹೆಸರು ಬದಲಿಸಿ ಎಲ್ಲರಿಗೂ ಕಳಿಸಿದರೆ ಗೊತ್ತಾಗಿಬಿಡುತ್ತದೆ. ಎರಡು ಪುಟದ ಟಿಪ್ಪಣಿ ಲಗತ್ತಿಸಿ. ಕೆಲವು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಬೇರೊಬ್ಬರಿಗೆ ಬರೆಯಿರಿ.