ಕ್ವಿಟೊದ ಕ್ರೈಸ್ತ ರೇಡಿಯೊ ಕೇಂದ್ರದ ಆಂಟೆನಾ ತುದಿಗಳು ಕರಗುತ್ತಿದ್ದುದು ಯಾಕೆ?

ಊರಿನ ಎತ್ತರದಿಂದಾಗಿ. ಈಕ್ವೆಡಾರಿನ ರಾಜಧಾನಿ ಕ್ವಿಟೊ ಇರುವುದು ಸುಮಾರು 2,850 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು, ಹಾಗಾಗಿ ವಿದ್ಯುತ್ತನ್ನು ತಡೆಯುವ ಅದರ ಶಕ್ತಿಯೂ ಕಡಿಮೆ.

ಎಚ್‌ಸಿಜೆಬಿ ಎಂಬ ಈ ಕೇಂದ್ರ ಶುರುವಾದದ್ದು 1931ರ ಕ್ರಿಸ್‌ಮಸ್ ದಿನ. ಆಗ ಊರಲ್ಲಿ ರೇಡಿಯೊ ಪೆಟ್ಟಿಗೆಗಳಿದ್ದದ್ದೇ ಬೆರಳೆಣಿಕೆಯಷ್ಟು. ಪುಟ್ಟ ಟ್ರಾನ್ಸ್‌ಮಿಟರ್ ಇದ್ದಾಗ ತೊಂದರೆ ಕಾಣಲಿಲ್ಲ. 10 ಕಿಲೋವ್ಯಾಟ್‌ನಲ್ಲಿ ಶಾರ್ಟ್‌ವೇವ್ (ಬಹುದೂರ ತಲುಪುವ ರೇಡಿಯೊ ತರಂಗ) ಪ್ರಸಾರ ಮಾಡಹೊರಟಾಗ ಎದ್ದು ಕಂಡಿತು. ಸರಳಿನ ಆಂಟೆನಾದಲ್ಲಿ ವೋಲ್ಟೇಜ್ ಅತಿ ಹೆಚ್ಚಿರುವುದು ಎರಡು ತೆರೆದ ತುದಿಗಳಲ್ಲಿ. ಅಲ್ಲಿ ಸುತ್ತಲಿನ ಗಾಳಿಯೇ ವಿದ್ಯುತ್ ಹರಿಯಲು ಬಿಟ್ಟುಕೊಟ್ಟು ಕಿಡಿ ಹೊತ್ತುತ್ತಿತ್ತು, ಅಲ್ಯುಮಿನಿಯಂ ತುದಿ ಕರಗಿ ತೊಟ್ಟಿಕ್ಕುತ್ತಿತ್ತು.

ತುದಿಗೆ ದುಂಡನೆಯ ಲೋಹದ ಗುಂಡು ಸಿಕ್ಕಿಸಿ ಕಿಡಿ ತಗ್ಗಿಸಬಹುದು ನಿಜ. ಆದರೆ ಕೇಂದ್ರದ ಎಂಜಿನಿಯರ್ ಕ್ಲಾರೆನ್ಸ್ ಮೂರ್ 1940ರ ದಶಕದಲ್ಲಿ ಹುಡುಕಿದ ಉಪಾಯ ಇನ್ನೂ ಚೆಂದ: ತುದಿಯೇ ಇಲ್ಲದ ಆಂಟೆನಾ. ಪೂರ್ತಿ ಒಂದು ತರಂಗದಷ್ಟು ಉದ್ದದ ತಂತಿಯನ್ನು ಚೌಕಾಕಾರದಲ್ಲಿ ಸುತ್ತಿದರು. 25 ಮೀಟರ್ ಬ್ಯಾಂಡಿಗೆ, ಅಂದರೆ ತರಂಗದ ಉದ್ದ ಸುಮಾರು 25 ಮೀಟರ್ ಇರುವ ಪ್ರಸಾರಕ್ಕೆ, ಒಂದೊಂದು ಬದಿ 6 ಮೀಟರಿಗಿಂತ ತುಸು ಹೆಚ್ಚು. ವೋಲ್ಟೇಜ್ ಏರುವ ಜಾಗ ಇಲ್ಲೂ ಇದೆ, ಆದರೆ ಅದು ಮುಂದುವರಿಯುವ ತಂತಿಯ ನಡುವೆ, ಚೂಪು ಕೊನೆಯಲ್ಲಲ್ಲ; ಅದರ ಮಟ್ಟವೂ ಕಡಿಮೆ. ಒಂದರ ಹಿಂದೆ ಇನ್ನೊಂದು ಚೌಕ ನಿಲ್ಲಿಸಿದರೆ ಪ್ರಸಾರ ಒಂದೇ ದಿಕ್ಕಿಗೆ ಹೋಗುತ್ತದೆ.

ಇದೇ ಇಂದಿನ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) ಬಳಸುವ ‘ಕ್ಯೂಬಿಕಲ್ ಕ್ವಾಡ್’. ಕ್ವಿಟೊ ಸಮೀಪದ ಪೀಫೊದಲ್ಲಿದ್ದ ಕೇಂದ್ರದ ಶಾರ್ಟ್‌ವೇವ್ ಗೋಪುರಗಳನ್ನು ಹೊಸ ವಿಮಾನ ನಿಲ್ದಾಣಕ್ಕಾಗಿ ತೆರವು ಮಾಡಬೇಕಾಯಿತು; ಅಲ್ಲಿಂದ ಪ್ರಸಾರ 2009ರಲ್ಲಿ ನಿಂತಿತು.