ಪಿಯುಸಿಯಲ್ಲಿ 53 ಪರ್ಸೆಂಟ್, ವಯಸ್ಸು 28: ಈಗ ಎಂಬಿಬಿಎಸ್ ಓದಬಹುದಾ?

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಸಿಂಧನೂರು ತಾಲ್ಲೂಕಿನ ಹಳ್ಳಿಯವಳು, 2ಎ ಪ್ರವರ್ಗ. ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್‌ಗೆ ಸೇರಿದಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷ್ ಆಯಿತು, ತಲೆಗೆ ಹತ್ತಲಿಲ್ಲ. 2015ರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 53 ಪರ್ಸೆಂಟ್ ಬಂತು. ಆಮೇಲೆ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮಾಡಿ, ಆರು ವರ್ಷದಿಂದ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನಾಲ್ಕು ವರ್ಷದ ಮಗಳಿದ್ದಾಳೆ. ಡಾಕ್ಟರ್ ಓದಬೇಕೆಂಬ ಆಸೆ ಮಾತ್ರ ಹೋಗಿಲ್ಲ. ಗಂಡ ಓದು ಅನ್ನುತ್ತಾರೆ, ಉಳಿದವರು ನಗುತ್ತಾರೆ. ಒಬ್ಬ ಏಜೆಂಟ್ ಹೊರದೇಶದಲ್ಲಿ ಸೀಟು ಕೊಡಿಸುತ್ತೇನೆ ಎಂದು ಬೆನ್ನು ಬಿದ್ದಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ನಿದ್ದೆ ಕೆಡಿಸಿರುವುದು ವಯಸ್ಸು ಮತ್ತು ಮಾರ್ಕ್ಸ್. ನಿಜಕ್ಕೂ ಇವೆರಡೂ ನಿಮ್ಮ ದಾರಿಗೆ ಅಡ್ಡ ಇಲ್ಲ. ಅಡ್ಡ ಇರುವುದು ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ವಯಸ್ಸು. 2017ರಲ್ಲಿ ಮೆಡಿಕಲ್ ಸೀಟಿನ ರಾಷ್ಟ್ರೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಲು 25 ವರ್ಷದ ಮಿತಿ ತಂದಿದ್ದರು, ಮೀಸಲಾತಿ ಇರುವವರಿಗೆ 30. ಅದು ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. 2022ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಿತಿಯನ್ನೇ ತೆಗೆದುಹಾಕಿತು. 17 ತುಂಬಿದ್ದರೆ ಸಾಕು, ಮೇಲೆ ಎಷ್ಟಾದರೂ ಆಗಬಹುದು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿ ಇಲ್ಲ. 2020ರ ನೀಟ್ ಬರೆದ ಒಡಿಶಾದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು 64ನೇ ವಯಸ್ಸಿನಲ್ಲಿ ಬುರ್ಲಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದರು. ಅವರ ಮುಂದೆ ನೀವು ಚಿಕ್ಕ ಹುಡುಗಿ.

ಇನ್ನು 53 ಪರ್ಸೆಂಟ್. ಎಂಜಿನಿಯರಿಂಗ್ ಸಿಇಟಿಯಲ್ಲಿ ಪಿಯುಸಿ ಅಂಕ ಅರ್ಧ ಪಾಲು ಸೇರುತ್ತದಲ್ಲ, ಮೆಡಿಕಲ್‌ನಲ್ಲಿ ಹಾಗಿಲ್ಲ. ರ‍್ಯಾಂಕ್ ಬರುವುದು ನೀಟ್ ಅಂಕದಿಂದ ಮಾತ್ರ. ಪಿಯುಸಿ ಅಂಕ ಬಾಗಿಲಲ್ಲಿ ತೋರಿಸುವ ಪಾಸ್ ಇದ್ದಂತೆ. ಬಹಳ ವರ್ಷಗಳಿಂದ ನಡೆದುಬಂದ ಅಳತೆ ಸಾಮಾನ್ಯ ವರ್ಗಕ್ಕೆ 50, ಹಿಂದುಳಿದ ವರ್ಗ ಮತ್ತು ಎಸ್‌ಸಿ, ಎಸ್‌ಟಿಯವರಿಗೆ 40 ಪರ್ಸೆಂಟ್. ನೀವು ಎರಡನ್ನೂ ದಾಟಿದ್ದೀರಿ. 95 ತೆಗೆದ ಹುಡುಗನೂ 53 ತೆಗೆದ ನೀವೂ ಪರೀಕ್ಷೆ ಹಾಲ್‌ನಲ್ಲಿ ಒಂದೇ ಗೆರೆಯಿಂದ ಓಡುತ್ತೀರಿ. ಆ ಅಂಕಪಟ್ಟಿಯನ್ನು ಇಷ್ಟು ವರ್ಷ ಹೊತ್ತದ್ದು ಸಾಕು.

ಈಗ ನಿಜವಾದ ಅಡ್ಡಿಗೆ ಬರೋಣ, ಅದು ನೀಟ್‌ನ ಪೈಪೋಟಿ. ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ 2ರಿಂದ 5. ಮೂರು ಗಂಟೆ, 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ ಒಂದು ಕಟ್. 2025ರಲ್ಲಿ 22 ಲಕ್ಷ ಮಂದಿ ಬರೆದರು, 12 ಲಕ್ಷಕ್ಕೂ ಜಾಸ್ತಿ ಜನ ಅರ್ಹರಾದರು. ಸಾಮಾನ್ಯ ವರ್ಗದಲ್ಲಿ ಅರ್ಹತೆಗೆ 144 ಅಂಕ ಸಾಕಾಗಿತ್ತು. ಆದರೆ ಇಡೀ ದೇಶದಲ್ಲಿರುವುದು ಲಕ್ಷದ ಮೇಲೆ ಸ್ವಲ್ಪ ಸೀಟು. ಹಾಗಾಗಿ 'ನೀಟ್ ಪಾಸಾಯಿತು' ಎಂದು ಯಾರಾದರೂ ಸ್ವೀಟ್ ಹಂಚಿದರೆ ಸೀಟು ಸಿಕ್ಕಿತು ಎಂದು ಅರ್ಥವಲ್ಲ. ಎಷ್ಟು ಅಂಕ ಬೇಕು ಎಂದು ಕೇಳುವುದಕ್ಕಿಂತ ಯಾವ ರ‍್ಯಾಂಕ್ ಬೇಕು ಎಂದು ಕೇಳಿ. 2024ರಲ್ಲಿ ಪರಿಷ್ಕೃತ ಫಲಿತಾಂಶದಲ್ಲೂ 17 ಮಂದಿಗೆ 720ಕ್ಕೆ 720 ಬಂದಿತ್ತು. ಮರುವರ್ಷ ಪ್ರಶ್ನೆಪತ್ರಿಕೆ ಕಷ್ಟವಾಗಿ ದೇಶಕ್ಕೇ ಮೊದಲು ಬಂದವರ ಅಂಕ 686. ಅಂಕ ಪ್ರತಿವರ್ಷ ಏರಿಳಿಯುತ್ತದೆ, ರ‍್ಯಾಂಕ್ ಅಷ್ಟು ಕುಣಿಯುವುದಿಲ್ಲ. ರಾಜ್ಯದಲ್ಲಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್ ಆಫ್ ಪಟ್ಟಿ ಇರುತ್ತದೆ, ಕಾಲೇಜುವಾರು, ಪ್ರವರ್ಗವಾರು. ಇವತ್ತೇ ತೆಗೆದು ನೋಡಿ.

ಆ ಪಟ್ಟಿಯಲ್ಲಿ 2ಎ ಪಕ್ಕ ಕೆ, ಆರ್, ಎಚ್ ಎಂಬ ಅಕ್ಷರಗಳು ಕಾಣುತ್ತವೆ. ನೀವು ಇವುಗಳ ಬಗ್ಗೆ ಏನೂ ಕೇಳಿಲ್ಲ. ಆದರೆ ನಿಮಗೆ ಹೆಚ್ಚು ಬಲ ಇರುವುದು ಇಲ್ಲೇ. ಕೆ ಅಂದರೆ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, 5 ಪರ್ಸೆಂಟ್ ಸೀಟು. ಆರ್ ಅಂದರೆ ಅದೇ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರು, 15 ಪರ್ಸೆಂಟ್. ಎಚ್ ಅಂದರೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇರುವ ಕಲ್ಯಾಣ ಕರ್ನಾಟಕದವರು. ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ, ಬೀದರ್, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ 8 ಪರ್ಸೆಂಟ್. ನಿಮ್ಮ ಪತ್ರದ ಪ್ರಕಾರ ಮೂರೂ ನಿಮಗೆ ಸಲ್ಲುತ್ತವೆ. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ರಿಮ್ಸ್ ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ವಾ?

ಆದರೆ ಇದೆಲ್ಲ ಕಾಗದ ಇದ್ದರೆ ಮಾತ್ರ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. 371(ಜೆ) ಪತ್ರ ಸಹಾಯಕ ಆಯುಕ್ತರಿಂದ ಬರಬೇಕು. ಕೌನ್ಸೆಲಿಂಗ್ ಸಮಯದಲ್ಲಿ ಮಕ್ಕಳಿಗೆ ದಾರಿ ತೋರಿಸಲು ನಾನು ಕೂರುತ್ತೇನೆ. ಒಂದು ವರ್ಷ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ದಾಖಲೆ ಜೋಡಿಸಿಕೊಂಡು ಬಂದಿದ್ದಳು. ಒಂದೇ ಒಂದು ಹಾಳೆಯಲ್ಲಿ ಬಿಇಒ ಸೀಲ್ ಇರಲಿಲ್ಲ. ಅವಳು ಓದಿದ ಶಾಲೆ ಪಕ್ಕದ ಊರಿನ ಶಾಲೆಗೆ ಸೇರಿಹೋಗಿತ್ತು, ಹಳೆಯ ದಾಖಲಾತಿ ರಿಜಿಸ್ಟರ್ ಎಲ್ಲಿದೆ ಎಂದು ಗೊತ್ತಾಗುವಷ್ಟರಲ್ಲಿ ಕೊನೆ ದಿನಾಂಕ ಮುಗಿದಿತ್ತು. ಅವಳ ಮುಖ ಇನ್ನೂ ಕಣ್ಣ ಮುಂದಿದೆ. ನೀವು ಶಾಲೆ ಬಿಟ್ಟು ಹನ್ನೆರಡು ವರ್ಷದ ಮೇಲಾಯಿತು. ಪುಸ್ತಕ ತೆರೆಯುವ ಮೊದಲು ಊರಿಗೆ ಹೋಗಿ ಆ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ನೋಡಿ ಬನ್ನಿ.

ಓದಿನ ವಿಷಯ. 2015ರ ನೋಟ್ಸ್ ಪಕ್ಕಕ್ಕಿಡಿ. 2024ರಿಂದ ಸಿಲಬಸ್ ಬದಲಾಗಿದೆ. ನೀವು ಓದಿದ್ದ ಜೀರ್ಣಕ್ರಿಯೆಯ ಪಾಠವೇ ಈಗ ಇಲ್ಲ. ಹೊಸ ಎನ್‌ಸಿಇಆರ್‌ಟಿ ಪುಸ್ತಕ ತನ್ನಿ. ಬಯಾಲಜಿ 360 ಅಂಕಕ್ಕೆ, ಅಂದರೆ ಅರ್ಧ ಪರೀಕ್ಷೆ ಅದೇ. ಉಸಿರಾಟ, ರಕ್ತ ಪರಿಚಲನೆ, ಮೂತ್ರಪಿಂಡ, ಹಾರ್ಮೋನ್ ಈ ಪಾಠಗಳನ್ನು ನೀವು ವಾರ್ಡಿನಲ್ಲಿ ದಿನಾ ನೋಡಿದ್ದೀರಿ. ಹದಿನೆಂಟರ ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆ. ನಿಮಗೆ ರೋಗಿಯ ನೆನಪು ಬರುತ್ತದೆ.

ಕೈ ಕೊಡುವುದು ಫಿಸಿಕ್ಸ್. ನಿಮ್ಮಂತೆ ಓದು ಬಿಟ್ಟು ಮತ್ತೆ ಶುರು ಮಾಡುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಅದನ್ನು ನಿಮ್ಮ ಕೆಲಸದ ಕಡೆಯಿಂದ ಹಿಡಿಯಿರಿ. ಡ್ರಿಪ್ ಬಾಟಲಿಯನ್ನು ಯಾಕೆ ಎತ್ತರಕ್ಕೆ ತೂಗುಹಾಕುತ್ತೀರಿ? ಇನ್ನೂ ಮೇಲೆತ್ತಿದರೆ ಯಾಕೆ ಬೇಗ ಇಳಿಯುತ್ತದೆ? ಎತ್ತರ, ಸಾಂದ್ರತೆ, ಗುರುತ್ವ ಮೂರನ್ನು ಗುಣಿಸಿದರೆ ದ್ರವದ ಒತ್ತಡ. ಪಿಯುಸಿಯಲ್ಲಿ ಹೆದರಿಸಿದ ಸೂತ್ರ ಇದೇ. ಬಿಪಿ ನೋಡುವಾಗ 120 ಎಂದು ಬರೆಯುತ್ತೀರಲ್ಲ, ಅದು ಪಾದರಸದ 120 ಮಿಲಿಮೀಟರ್ ಎತ್ತರ. ಹೀಗೆ ಒಂದೊಂದೇ ಕೊಂಡಿ ಸಿಕ್ಕರೆ ಭಯ ಇಳಿಯುತ್ತದೆ. ಭಯ ಇಳಿದ ಮೇಲೆ ದಿನಕ್ಕೆ ಹದಿನೈದು ಲೆಕ್ಕ ಬಿಡಿಸಿ. ಅದಕ್ಕೆ ಅಡ್ಡದಾರಿ ಇಲ್ಲ.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಪಕ್ಕದಲ್ಲೇ ಇಂಗ್ಲಿಷ್ ಇರುತ್ತದೆ. ಅರ್ಜಿ ಹಾಕುವಾಗಲೇ ಆರಿಸಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ, ಇದು ನೆನಪಿರಲಿ.

ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಒಂದು ಭಾನುವಾರ ಮಗಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು, ಮಧ್ಯಾಹ್ನ 2ರಿಂದ 5ರವರೆಗೆ ಬಾಗಿಲು ಹಾಕಿಕೊಂಡು ಹಳೆಯ ನೀಟ್ ಪೇಪರ್ ಒಂದನ್ನು ಬರೆಯಿರಿ. ಅಂಕ 120 ಬಂದರೂ ಅಳಬೇಡಿ, ಅದು ಹತ್ತು ವರ್ಷದ ಧೂಳು. ಆರು ತಿಂಗಳು ಓದಿ ಮತ್ತೆ ಬರೆಯಿರಿ. ಆಗ ಬಯಾಲಜಿ 270 ಹತ್ತಿರ ಬಂದು, ಫಿಸಿಕ್ಸ್ ಮೇಲೇರುತ್ತಿದ್ದರೆ ಕೆಲಸ ಬಿಟ್ಟು ಪೂರ್ತಿ ಕೂರುವ ಯೋಚನೆ ಮಾಡಬಹುದು. ಅಲ್ಲಿಯವರೆಗೆ ಸಂಬಳ ಬಿಡಬೇಡಿ. ಇದು ನನ್ನ ಅಂದಾಜು, ನಿಯಮವಲ್ಲ.

ಗಂಡನ ಜೊತೆ ಕೂತು ಲೆಕ್ಕ ಹಾಕಬೇಕಾದದ್ದು ಇನ್ನೂ ಇದೆ. ಕೋರ್ಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಹಾಜರಾತಿ ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಬೇಕು. ನೈಟ್ ಡ್ಯೂಟಿ ಮಾಡುತ್ತಾ ಓದುತ್ತೇನೆ ಅನ್ನುವುದು ಆಗದ ಮಾತು. ಸರ್ಕಾರಿ ಕಾಲೇಜಿನಲ್ಲಿ ಫೀಸು ವರ್ಷಕ್ಕೆ ಸುಮಾರು 60-65 ಸಾವಿರ, ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಆದರೆ ಅದಕ್ಕಿಂತ ದೊಡ್ಡ ಖರ್ಚು ನಿಮ್ಮ ನಿಂತುಹೋಗುವ ಸಂಬಳ. ನೀವು ಇಂಟರ್ನ್‌ಶಿಪ್ ಮುಗಿಸುವಾಗ ಮಗಳು ಹನ್ನೊಂದು ದಾಟಿರುತ್ತಾಳೆ.

ನಾನು ಮೊದಲ ವರ್ಷದವರಿಗೆ ಫಿಸಿಯಾಲಜಿ ಪಾಠ ಮಾಡುವವಳು. ಒಂದು ಬ್ಯಾಚಿನಲ್ಲಿ ಮೊದಲು ಲ್ಯಾಬ್ ಟೆಕ್ನೀಷಿಯನ್ ಆಗಿದ್ದ ಹುಡುಗನಿದ್ದ, ಎಲ್ಲರಿಗಿಂತ ದೊಡ್ಡವನು. ಹಿಮೋಗ್ಲೋಬಿನ್ ಪ್ರಾಕ್ಟಿಕಲ್‌ಗೆ ಪ್ರತಿಯೊಬ್ಬರೂ ತಮ್ಮ ಬೆರಳು ತಾವೇ ಚುಚ್ಚಿಕೊಳ್ಳಬೇಕು. ಮಕ್ಕಳ ಕೈ ನಡುಗುತ್ತಿತ್ತು. ಹತ್ತು ನಿಮಿಷದಲ್ಲಿ ಅರ್ಧ ಕ್ಲಾಸು ಅವನ ಮೇಜಿನ ಮುಂದೆ ಬೆರಳು ಚಾಚಿಕೊಂಡು ಸಾಲು ನಿಂತಿತ್ತು. ಅದೇ ಹುಡುಗ ಮೊದಲ ಇಂಟರ್ನಲ್ಸ್‌ನಲ್ಲಿ ಫೇಲಾದ. ಗೊತ್ತಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆಯಲು ಕೈ ಓಡಲಿಲ್ಲ. ದಿನಾ ಸಂಜೆ ಒಂದು ಉತ್ತರ ಬರೆದು ತಂದು ತೋರಿಸು ಎಂದೆ. ತಪ್ಪದೆ ತಂದ, ವರ್ಷದ ಪರೀಕ್ಷೆ ಪಾಸು ಮಾಡಿದ. ನೀವೂ ಈಗಿನಿಂದಲೇ ದಿನಕ್ಕೆ ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆಯಿರಿ.

ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೊರದೇಶದಲ್ಲಿ ಓದಿ ಇಲ್ಲಿ ಡಾಕ್ಟರ್ ಆಗಲೂ ನೀಟ್ ಅರ್ಹತೆ ಬೇಕು. ಕೋರ್ಸ್ ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮದಲ್ಲಿ ಇರಬೇಕು. ಅಲ್ಲೇ ಒಂದು ವರ್ಷ ಇಂಟರ್ನ್‌ಶಿಪ್, ವಾಪಸ್ ಬಂದ ಮೇಲೆ ಸ್ಕ್ರೀನಿಂಗ್ ಪರೀಕ್ಷೆ. 300 ಪ್ರಶ್ನೆಗೆ 150 ಸರಿ ಬರಬೇಕು, ಇತ್ತೀಚೆಗೆ ಹೆಚ್ಚಿನ ಸಲ ಮೂರರಲ್ಲಿ ಒಬ್ಬರೂ ಪಾಸಾಗಿಲ್ಲ. ನಾಲ್ಕು ವರ್ಷದ ಮಗುವನ್ನು ಬಿಟ್ಟು, ಸಾಲ ಮಾಡಿ ಹೋಗುವ ದಾರಿ ಇದಲ್ಲ. ಇಲ್ಲಿಯೂ ಅಷ್ಟೇ, ಸರ್ಕಾರದ ಕೌನ್ಸೆಲಿಂಗ್ ಬಿಟ್ಟು ಬೇರೆ ಬಾಗಿಲಿಂದ ಎಂಬಿಬಿಎಸ್ ಸೀಟು ಇಲ್ಲ.

ಎರಡು ವರ್ಷ, ಎರಡು ಪ್ರಯತ್ನ ಎಂದು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಅದೇ ನೀಟ್ ರ‍್ಯಾಂಕಿನಲ್ಲಿ ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್‌ಎಂಎಸ್ ಕೂಡ ಇದೆ. ನರ್ಸಿಂಗ್‌ನಲ್ಲೇ ಮೇಲೇರಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ನಿಮ್ಮ ಮೊದಲ ಭಾನುವಾರದ ಪೇಪರಿನ ಅಂಕವನ್ನು ನನಗೆ ಬರೆದು ಕಳಿಸಿ, ಮುಂದಿನ ಮಾತು ಅದನ್ನು ನೋಡಿ ಆಡೋಣ.

ಪ್ರಶ್ನೆ: ನನಗೆ 25 ವರ್ಷ, ಪಿಯುಸಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಓದಿ ಎಂಜಿನಿಯರಿಂಗ್ ಮುಗಿಸಿದ್ದೇನೆ. ಬಯಾಲಜಿ ಓದಿಯೇ ಇಲ್ಲ. ನೀಟ್ ಬರೆಯಬಹುದೇ?

ಉತ್ತರ: ಬರೆಯಬಹುದು. ಮೊದಲು ಎರಡು ವರ್ಷ ರೆಗ್ಯುಲರ್ ಆಗಿ ಬಯಾಲಜಿ ಓದಿರಬೇಕು ಎಂಬ ನಿಯಮ ಇತ್ತು. 2023ರ ನವೆಂಬರ್‌ನಲ್ಲಿ ವೈದ್ಯಕೀಯ ಆಯೋಗ ಅದನ್ನು ಸಡಿಲಿಸಿತು. 12ನೇ ತರಗತಿ ಪಾಸಾದ ಮೇಲೆ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನಡೆಯುತ್ತದೆ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ. ಸುಮ್ನೆ ಅರ್ಜಿ ಹಾಕಿ ಬಿಡಬೇಡಿ, ಪ್ರಾಕ್ಟಿಕಲ್ ಪರೀಕ್ಷೆಯನ್ನೂ ಬರೆಯಬೇಕು. ಅಕ್ಟೋಬರ್-ನವೆಂಬರ್ ಸುತ್ತಿನಲ್ಲೇ ಮುಗಿಸಿಕೊಳ್ಳಿ. ಏಪ್ರಿಲ್-ಮೇ ಸುತ್ತಿಗೆ ಇಟ್ಟುಕೊಂಡರೆ ಅದು ನೀಟ್ ತಲೆಯ ಮೇಲೇ ಬರುತ್ತದೆ. ನಿಮಗೆ ಫಿಸಿಕ್ಸ್ ಕಾಡುವುದಿಲ್ಲ. ಆದರೆ 90 ಬಯಾಲಜಿ ಪ್ರಶ್ನೆ ಸೂತ್ರದಿಂದ ಬರುವಂಥವಲ್ಲ, ಎನ್‌ಸಿಇಆರ್‌ಟಿಯ ಸಾಲು ಸಾಲು ಓದಬೇಕು. ಪುಸ್ತಕವನ್ನು ಕನಿಷ್ಠ ನಾಲ್ಕು ಸಲ ತಿರುವಿ ಹಾಕಲು ಸಮಯ ಇಟ್ಟುಕೊಳ್ಳಿ.